ಶಿವಕಾಂತಮ್ಮನ ವಸತಿಗೆ ಪರದೆ ಬಂದದ್ದು

ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಬೇಕಾದ ಹೆಂಗಸರು ಹೊರಗೆ ಬಂದು, ಒಂದೆರಡು ತಾಸು ಬೆನ್ನು ಚಾಚಲು ಎಲ್ಲಾದರೂ ಜಾಗ ಸಿಕ್ಕೀತೇ ಎಂದು ಕೇಳಿದರೆ, ಚಹಾದಂಗಡಿಯವನು ಕೆಟಲಿ ಕೆಳಗಿಡದೆ ಗದ್ದದಿಂದಲೇ ದಾರಿ ತೋರಿಸುತ್ತಾನೆ.

"ಹಿಂಗ ಸೀದಾ ಹೋಗ್ರಿ. ಬಾಗಿಲದಾಗ ಒಬ್ಬಾಕಿ ಕುಂತಿರ್ತಾಳ. ಆಕೀನ ಶಿವಕಾಂತಮ್ಮ."

ಕುಂತಿರ್ತಾಳೆ ಎಂದರೆ ಕುಂತೇ ಇರುತ್ತಾಳೆ. ಬಾಗಿಲ ಪಕ್ಕದ ಫರಸಿಕಲ್ಲಿನ ಕಟ್ಟೆಯ ಮೇಲೆ, ಸೊಂಟದಲ್ಲಿ ಕೀಲಿಗೊಂಚಲು ಸಿಕ್ಕಿಸಿಕೊಂಡು, ನೋಯುವ ಮೊಣಕಾಲನ್ನು ಮುಂದೆ ಚಾಚಿಕೊಂಡು. ತಲೆಯ ಮೇಲೆ 'ಹೆಣ್ಣುಮಕ್ಕಳ ವಸತಿ' ಎಂಬ ಹಲಗೆ. ವಾಡಿಯ ಗಾಳಿಯಲ್ಲಿ ಸಿಮೆಂಟಿನ ಪುಡಿ ಇದ್ದೇ ಇರುತ್ತದೆ; ಹಲಗೆಯ ಮೇಲಿನ ಅಕ್ಷರಗಳು ಸಂಜೆಯ ಹೊತ್ತಿಗೆ ಬೂದಿ ಬಳಿದುಕೊಂಡಂತೆ ಕಾಣುತ್ತವೆ. ಬೆಳಗಾದರೆ ಶಿವಕಾಂತಮ್ಮ ಅದನ್ನು ಒರೆಸುತ್ತಾಳೆ. ದಿನ ಶುರುವಾಯಿತು ಎಂದು ಆ ಓಣಿಗೆ ತಿಳಿಯುವುದು ಹಾಗೆ.

ಒಳಗೆ ಒಂದೇ ಉದ್ದನೆಯ ಖೋಲಿ. ಎರಡು ಸಾಲು ಕಬ್ಬಿಣದ ಪಲಂಗ, ಅದರ ಮೇಲೆ ಗಾದಿ, ಮಡಿಸಿಟ್ಟ ಚಾದರ. ನಡುವೆ ಗೋಡೆಯಿಲ್ಲ, ಮರೆಯಿಲ್ಲ. ಮೇಲೆ ಕಲ್ಲಿನ ಚಾವಣಿ, ಕೆಳಗೆ ಕಲ್ಲಿನ ನೆಲ. ಶಹಾಬಾದಿನ ಗಣಿಯಲ್ಲಿ ಕಲ್ಲು ಒಡೆಯುತ್ತಿದ್ದ ಗಂಡ ಭಗವಂತ, ತಾನು ಸಾಯುವ ಮೊದಲು ತನ್ನ ಕೈಯಿಂದಲೇ ಹಾಸಿ ಹೋದ ಫರಸಿಗಳು ಅವು. ಎಂಥ ಬೇಸಿಗೆಯಲ್ಲೂ ಒಳಗೆ ಕಾಲಿಟ್ಟರೆ ಅಂಗಾಲಿಗೆ ಮೊದಲು ತಂಪು ತಾಗುತ್ತದೆ.

ಬಂದವರಿಗೆ ಶಿವಕಾಂತಮ್ಮ ಕೇಳುವುದು ಒಂದೇ ಮಾತು. "ಎಲ್ಲಿಗಿ ಹೊಂಟೀರಿ?"

ಎಲ್ಲಿಂದ ಬಂದಿರಿ ಎಂದು ಆಕೆ ಕೇಳುವುದಿಲ್ಲ. ಆಧಾರ್ ಕಾರ್ಡು ನೋಡುತ್ತಾಳೆ, ಕಾಯಿದೆಯಂತೆ ಬರೆದುಕೊಳ್ಳುತ್ತಾಳೆ, ಆದರೆ ಊರಿನ ಹೆಸರನ್ನು ಬಾಯಲ್ಲಿ ತರುವುದಿಲ್ಲ. ಅದಕ್ಕೊಂದು ಕಾರಣವಿದೆ. ಮದುವೆಯಾದ ಹೊಸತರಲ್ಲಿ, ತವರು ಗುಂಡಗುರ್ತಿಯಿಂದ ಗಂಡನ ಬಳಿ ಹೊರಟವಳು ಇದೇ ವಾಡಿಯಲ್ಲಿ ಗಾಡಿ ತಪ್ಪಿಸಿಕೊಂಡು, ಒಂದು ಲಾಡ್ಜಿನ ಮೆಟ್ಟಿಲು ಹತ್ತಿದ್ದಳು. ಮೇಜಿನ ಹಿಂದಿದ್ದವನು "ಒಬ್ಬಾಕೀನ?" ಎಂದ. ಆಮೇಲೆ "ಯಾವೂರು?" ಎಂದ. ಊರು ಹೇಳಿದ ಮೇಲೆ "ಊರಾಗ ಯಾವ ಓಣಿ?" ಎಂದ. ಓಣಿಯನ್ನೂ ಹೇಳಿದಳು. ಅವನು ತಲೆಯೆತ್ತಿ, ಹಿಂದಿನ ಹಲಗೆಯಲ್ಲಿ ತೂಗುತ್ತಿದ್ದ ಕೀಲಿಗಳನ್ನೆಲ್ಲ ಒಮ್ಮೆ ನೋಡಿ, "ಖೋಲಿ ಖಾಲಿ ಇಲ್ಲ" ಎಂದ. ಆ ರಾತ್ರಿ ಪ್ಲಾಟ್‌ಫಾರಂ ಮೇಲೆ ಕಳೆಯಿತು. ಈ ಕತೆಯನ್ನು ಶಿವಕಾಂತಮ್ಮ ಯಾರನ್ನೂ ಕೂರಿಸಿಕೊಂಡು ಹೇಳಿದವಳಲ್ಲ. ಬಾಗಿಲಿಗೆ ಬಂದವರನ್ನು ಊರು ಕೇಳುವುದಿಲ್ಲ, ಅಷ್ಟೇ.

ಎಲ್ಲಿಗೆ ಎಂದು ತಿಳಿದರೆ ಆಕೆಗೆ ಸಾಕು. ಪಲಂಗ ಕೊಡುವುದು ಅವಳ ಕಸುಬು. ಅದರಲ್ಲಿ ಅವಳಿಗೆ ಅವಳದೇ ಲೆಕ್ಕ. ನಸುಕಿನ ಗಾಡಿಯವರಿಗೆ ಬಾಗಿಲ ಹತ್ತಿರ. ಗೊರಕೆಯವರಿಗೆ ಬಚ್ಚಲ ಕಡೆ, ಅವರ ಪಕ್ಕಕ್ಕೆ ಕಿವಿ ಮಂದವಾದ ಮುದುಕಿ. ಹಸುಗೂಸಿನ ತಾಯಿಯ ಪಕ್ಕ ನಾಲ್ಕು ಹೆತ್ತವಳು. ಗೊರಕೆ ಯಾರದೆಂದು ಮೊದಲೇ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರೆ, "ಕುಂತಾಗ ಉಸುರು ಕೇಳ್ರಿ, ಗೊತ್ತಾಗ್ತದ" ಎನ್ನುತ್ತಾಳೆ. ತಪ್ಪುವುದೂ ಉಂಟು. ಒಮ್ಮೆ ಇಬ್ಬರು ಗೊರಕೆಯವರನ್ನು ಅಕ್ಕಪಕ್ಕ ಹಾಕಿದಾಗ, ಇಡೀ ಖೋಲಿ ಎದ್ದು ಕೂತು ನಕ್ಕಿತ್ತು. ಇನ್ನು, ಕಣ್ಣು ಕೆಂಪಾಗಿ ಬಂದವರು, ಮಾತು ಬೇಡವೆಂದು ಗೋಡೆಗೆ ಮುಖ ಮಾಡಿದವರು, ಸೆರಗನ್ನು ಮುಖದ ಮೇಲೆಳೆದು ಮಲಗಿದವರು. ಇಂಥವರಿಗೆ ಆಕೆಯ ಔಷಧ ಒಂದೇ. ಪಕ್ಕಕ್ಕೆ ಹೋಗಿ ಕೂತು, ಮುಖದ ಮೇಲಿನ ಸೆರಗನ್ನು ಮೆಲ್ಲಗೆ ಸರಿಸಿ, "ಏಳವ್ವಾ, ಚಾ ಕುಡಿ" ಎನ್ನುವುದು. ಎಷ್ಟು ಹೆಂಗಸರು ಎದ್ದು ಚಹಾ ಕುಡಿದು, ಅತ್ತು, ಹಗುರಾಗಿ ಗಾಡಿ ಹತ್ತಿದ್ದಾರೋ! ಹಾಗಾಗಿ ಅದು ತಪ್ಪೆಂದು ಆಕೆಗೆ ಎಂದೂ ಅನ್ನಿಸಿರಲಿಲ್ಲ.

ಈಗ ಮೊಣಕಾಲು ಕೇಳುತ್ತಿರಲಿಲ್ಲ. ನೀರು ಹೊರುವುದು, ಚಾದರ ಒಗೆದು ಮಾಳಿಗೆಗೆ ಒಯ್ಯುವುದು ಆಗುತ್ತಿರಲಿಲ್ಲ. ಅಣ್ಣನ ಮಗಳು ಲುಂಬಿನಿ, ಕಾಲೇಜು ಮುಗಿಸಿದವಳು, ವರ್ಷದಿಂದ ಬಂದು ಕೈಜೋಡಿಸಿದ್ದಳು. ಚುರುಕು ಹುಡುಗಿ. ವಸತಿಯನ್ನು ಫೋನಿನಲ್ಲಿ ಹಾಕಿದವಳು ಅವಳು. ಅದನ್ನು ನೋಡಿ ಒಂದು ದಿನ ಇಬ್ಬರು ಹುಡುಗಿಯರು ಬಂದರು, ಬಾಗಿಲಲ್ಲಿ ನಿಂತು ಉದ್ದನೆಯ ಖೋಲಿಯನ್ನು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು. "ಎಲ್ಲಾರೂ ನೋಡ್ತಾರಲ್ರಿ ಇಲ್ಲಿ" ಎಂದು ಹೊರಟುಹೋದರು.

ಲುಂಬಿನಿಗೆ ಅದು ನಾಟಿತು.

"ಅತ್ತಿ, ಪ್ಲೈವುಡ್ ಹಾಕಿಸಿ ಸಣ್ಣ ಸಣ್ಣ ಖೋಲಿ ಮಾಡೂಣು. ಒಬ್ಬೊಬ್ಬರಿಗೆ ಒಂದೊಂದು."

"ಕೋಳಿಗೂಡು ಮಾಡ್ತಿಯೇನು? ಒಳಗ ಕುಂತಾಕಿ ಅಳಾಕತ್ತಾಳೋ ನಗಾಕತ್ತಾಳೋ ನಂಗ ಹ್ಯಾಂಗ ತಿಳೀಬೇಕು?"

"ನಿಂಗ ಯಾಕ ತಿಳೀಬೇಕು ಅಂತೀನಿ ನಾ."

ಶಿವಕಾಂತಮ್ಮ ಕೀಲಿಗೊಂಚಲು ಝಲ್ಲೆನ್ನುವ ಹಾಗೆ ಎದ್ದು ಹೋದಳು. ಜಗಳ ಮುಗಿಯಲಿಲ್ಲ. ಕಲಬುರಗಿಯ ಬಟ್ಟೆಯಂಗಡಿಯೊಂದರಲ್ಲಿ ಲುಂಬಿನಿಗೆ ಕೆಲಸ ಕಾದಿತ್ತು. ಖೋಲಿಗಳಾದರೆ ಇರುತ್ತೇನೆ, ಇಲ್ಲದಿದ್ದರೆ ಹೋಗುತ್ತೇನೆ ಎಂದಳು. ಬೆದರಿಕೆಯ ಧ್ವನಿಯಲ್ಲಲ್ಲ, ಬೇಸರದ ಧ್ವನಿಯಲ್ಲಿ. ಬಡಿಗ ಮಶಾಕನಿಗೆ ಸೋಮವಾರ ಬಂದು ಅಳತೆ ತಗೊ ಎಂದೂ ಹೇಳಿಬಿಟ್ಟಳು. ಶಿವಕಾಂತಮ್ಮನ ಎದೆ ಎರಡು ಕಡೆಗೆ ಎಳೆಯಿತು. ಹುಡುಗಿ ಹೋದರೆ ವಸತಿಗೆ ಬೀಗ ಬೀಳುತ್ತದೆ. ಹುಡುಗಿ ಹೇಳಿದಂತೆ ಮಾಡಿದರೆ, ಕೀಲಿಗಳ ಹಲಗೆಯಿದ್ದ ಆ ಹಳೆಯ ಲಾಡ್ಜು ತನ್ನ ಮನೆಯೊಳಗೇ ಎದ್ದು ನಿಂತಂತೆ.

ಶುಕ್ರವಾರ ಊಟಕ್ಕೆ ಕೂತಾಗ ಲುಂಬಿನಿ ಪುಂಡಿಪಲ್ಲೆ ಬಡಿಸುತ್ತ ಕೇಳಿದಳು, "ಅತ್ತಿ, ನೀ ಇಷ್ಟ್ ಮಂದಿಗಿ ಪಲಂಗ ಕೊಟ್ಟೀಯಲ್ಲ, ನೀ ಎಂದಾದ್ರೂ ಒಮ್ಮೆ ಬ್ಯಾರೇದವರ ಹಾಸ್ಟೆಲಿನ್ಯಾಗ ಮಲಗೀಯೇನು?"

ಶಿವಕಾಂತಮ್ಮ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. ಮಲಗಿರಲಿಲ್ಲ. ಯಾರೂ ಈ ಮಾತು ಕೇಳಿರಲೂ ಇಲ್ಲ.

"ಚಂದ್ರಂಪಳ್ಳಿಯಾಗ ತಿರುಗಾಡಾಕ ಬಂದವರಿಗಿ ಹೊಸಾದೊಂದು ಆಗ್ಯದ. ನಿನ್ನ ಹೆಸರ್ಲೆ ಒಂದು ಪಲಂಗ ಹಿಡದೀನಿ. ಶನಿವಾರ ಹೋಗು, ಆಯಿತವಾರ ಬಾ. ಬಂದ ಮ್ಯಾಲ ನೀ ಏನ್ ಹೇಳ್ತಿ ಅದ. ಪ್ಲೈವುಡ್ ಬ್ಯಾಡ ಅಂದ್ರ ಬ್ಯಾಡ."

"ಹೌದಾ? ಆಮ್ಯಾಲ ಕಲಬುರಗಿ?"

"ಅದು ಆಮ್ಯಾಲ ನೋಡೂಣು. ಮೊದಲು ಹೋಗು ನೀ."

ಹೀಗೆ ಶಿವಕಾಂತಮ್ಮ, ಸೊಂಟದ ಕೀಲಿಗೊಂಚಲನ್ನು ಬಿಚ್ಚಿಡಲು ಮನಸ್ಸಾಗದೆ ಹಾಗೇ ಸಿಕ್ಕಿಸಿಕೊಂಡು, ರೊಟ್ಟಿ ಮತ್ತು ಶೇಂಗಾ ಹಿಂಡಿಯ ಗಂಟು ಹಿಡಿದು, ತನ್ನ ಬಾಗಿಲ ಮುಂದೆ ಹಾದುಹೋಗುವ ಸಾವಿರ ಹೆಂಗಸರಂತೆ ತಾನೂ ಗಾಡಿ ಹತ್ತಿದಳು. ಚಿತ್ತಾಪುರ ದಾಟಿತು. ತೊಗರಿ ಹೂ ಬಿಡುವ ಕಾಲ; ಕಪ್ಪು ಹೊಲದ ಮೇಲೆ ಹಳದಿ ಚುಕ್ಕೆಗಳು ಕಿಟಕಿಯ ಜೊತೆಗೇ ಓಡಿದವು. ಸೇಡಂನಲ್ಲಿ ಇಳಿದು ಚಿಂಚೋಳಿಯ ಬಸ್ಸು, ಚಿಂಚೋಳಿಯಲ್ಲಿ ಒಂದು ಟಂಟಂ ಆಟೊ. ಟಂಟಂನವನು ಕನ್ನಡದಲ್ಲಿ ಶುರು ಮಾಡಿದ ಮಾತನ್ನು ತೆಲುಗಿನಲ್ಲಿ ಮುಗಿಸುತ್ತಿದ್ದ. ನೆಲ ಕೆಂಪಾಯಿತು, ಗಿಡಗಳು ಒತ್ತಾದವು, ಒಂದು ತಿರುವಿನಾಚೆ ಅಣೆಕಟ್ಟಿನ ಇಷ್ಟಗಲ ನೀರು ಕಾಣಿಸಿತು. ಅಲ್ಲಿಯತನಕ ಶಿವಕಾಂತಮ್ಮ ದಾರಿಯುದ್ದಕ್ಕೂ ಒಂದೇ ವಿಚಾರ ಮಾಡುತ್ತಿದ್ದಳು: ಅಲ್ಲಿ ನನಗೆ ಯಾವ ಪಲಂಗ ಕೊಟ್ಟಾರು?

ಹಾಸ್ಟೆಲು ನಡೆಸುವವಳು ಶಿವರಂಜನಿ ಎಂಬ ಚಿಂಚೋಳಿಯ ಹೆಣ್ಣುಮಗಳು. ಬೋಳುಗೈಯಲ್ಲೊಂದು ಗಡಿಯಾರ, ಬಾಯ್ತುಂಬ ನಗು. "ಬರ್ರಿ ಅಮ್ಮಾ, ಕುಂದ್ರಿ. ಎಲ್ಲಿಂದ ಬಂದ್ರಿ?"

ಶಿವಕಾಂತಮ್ಮನ ಬೆನ್ನು ನೆಟ್ಟಗಾಯಿತು. "ವಾಡಿಯಿಂದ" ಎಂದು ಕಾದಳು. ಓಣಿಯ ಮಾತು ಬರಲಿಲ್ಲ. "ದೂರ ಆತಲ್ರಿ, ನೀರು ಕುಡೀರಿ" ಎಂದು ಶಿವರಂಜನಿ ತಂಬಿಗೆ ಮುಂದಿಟ್ಟಳು. ಹೆಂಗಸರ ಖೋಲಿಯಲ್ಲಿ ಕೆಳಗೊಂದು ಮೇಲೊಂದು ಜೋಡಿಸಿದ ಪಲಂಗಗಳು, ಮೇಲಕ್ಕೆ ಹತ್ತಲು ಕಬ್ಬಿಣದ ಏಣಿ, ಪ್ರತಿ ಪಲಂಗಕ್ಕೂ ಹಸಿರು ಪರದೆ, ತಲೆಯ ಹತ್ತಿರ ಪುಟ್ಟ ದೀಪ. ಶಿವರಂಜನಿ ಆಕೆಯ ನಡಿಗೆ ನೋಡಿದವಳೇ ಮೇಲಿನ ನಂಬರು ಬಿಟ್ಟು ಕೆಳಗಿನದನ್ನು ಕೊಟ್ಟಳು. ಶಿವಕಾಂತಮ್ಮ ಮನಸ್ಸಿನಲ್ಲೇ ತಲೆದೂಗಿದಳು. ಹುಡುಗಿಗೆ ಕಣ್ಣಿದೆ.

ಆದರೆ ಅತಿಥಿಯಾಗಿ ಇರುವುದು ಹೇಗೆಂದು ಆಕೆಗೆ ತಿಳಿಯಲಿಲ್ಲ. ಪಲಂಗದ ತುದಿಗೆ ಕೂತಳು. ಗಾದಿ ಒತ್ತಿ ನೋಡಿದಳು. ಯಾರೂ ಇಲ್ಲದ್ದು ನೋಡಿ ದಿಂಬನ್ನು ಮೂಸಿದಳು. ಬಿಸಿಲಲ್ಲಿ ಒಣಗಿದ ವಾಸನೆ, ಒಳ್ಳೆಯದು. ಬಾಗಿಲ ಚಪ್ಪಲಿಗಳನ್ನು ಸಾಲಾಗಿ ಜೋಡಿಸಿದಳು. ಒಂದು ಚಾದರ ಮಡಿಸಿದಳು. ಅದು ತನ್ನದಲ್ಲ ಎಂದು ನೆನಪಾಗಿ ಮತ್ತೆ ಬಿಚ್ಚಿಟ್ಟಳು. ಹೈದರಾಬಾದಿನ ಕಡೆಯ ಇಬ್ಬರು ನಡುವಯಸ್ಸಿನ ಹೆಂಗಸರು ನಕ್ಕು ತೆಲುಗಿನಲ್ಲಿ ಏನೋ ಕೇಳಿ ನೀರಿನ ಕಡೆ ಹೊರಟುಹೋದರು. ಅವರ ಹಿಂದೆಯೇ ಬೀದರಿನ ಕಾಲೇಜು ಹುಡುಗಿ ಪೂನಮ್ ಬೆನ್ನಿಗೆ ಚೀಲ, ಕೊರಳಿಗೆ ದುರ್ಬೀನು ಹಾಕಿಕೊಂಡು ಬಂದಳು. ಕುಂಚಾವರಂ ಕಾಡಿನಲ್ಲಿ ಹಕ್ಕಿ ನೋಡಲು ಬಂದವಳಂತೆ. ಬೆಳಗಿನಿಂದ ತಿರುಗಿ ಮುಖ ಬಾಡಿತ್ತು. "ಭಾಳ ದಣಿವಾಗ್ಯದ ಅಮ್ಮಾ" ಎಂದು ಏಣಿ ಹತ್ತಿ, ಶಿವಕಾಂತಮ್ಮನ ಮೇಲಿನ ಪಲಂಗದಲ್ಲಿ ಪರದೆ ಎಳೆದುಕೊಂಡಳು.

ಎದುರಿನ ಕೆಳಪಲಂಗದ ಪರದೆ ಶಿವಕಾಂತಮ್ಮ ಬಂದಾಗಿನಿಂದ ಮುಚ್ಚೇ ಇತ್ತು. ಒಳಗೆ ಯಾರೋ ಮಗ್ಗುಲು ಬದಲಿಸುವ ಸದ್ದು. ಒಂದು ನಿಟ್ಟುಸಿರು. ಹೊರಗೆ ಇಂಥ ಬಿಸಿಲು, ಇಂಥ ನೀರು, ಎಲ್ಲರೂ ತಿರುಗಾಡಲು ಬಂದ ಜಾಗದಲ್ಲಿ ನಡುಹಗಲು ಪರದೆಯೊಳಗೆ ಮಲಗಿದ ಹೆಣ್ಣು. ಶಿವಕಾಂತಮ್ಮನ ಕೈ ಸುಮ್ಮನಿರಲಿಲ್ಲ. ಅಡಿಗೆಮನೆಗೆ ಹೋಗಿ, ಕೇಳಿ, ಎರಡು ಕಪ್ಪು ಚಹಾ ತಂದಳು. ಒಂದು ಕಪ್ಪನ್ನು ಕಿಟಕಿಯಲ್ಲಿಟ್ಟು, ಖಾಲಿಯಾದ ಕೈಯಿಂದ ಪರದೆ ಸರ್ರನೆ ಸರಿಸಿದಳು.

"ಏಳವ್ವಾ, ಚಾ ಕುಡಿ."

ಒಳಗಿದ್ದವಳು ಬೆಚ್ಚಿ ಎದ್ದು ಕೂತಳು. ಮೂವತ್ತರ ಆಚೀಚೆಯ ಹೆಣ್ಣು, ಕೂದಲು ಬಿಚ್ಚಿಹರಡಿತ್ತು, ಓಢಣಿ ಕಾಲ ಬಳಿ ಬಿದ್ದಿತ್ತು, ಅಂಗಿಯ ಗುಂಡಿ ಸಡಿಲವಾಗಿತ್ತು. ಅಳುತ್ತಿರಲಿಲ್ಲ. ಎದೆಯ ಮೇಲೆ ಬೋರಲಾಗಿದ್ದ ಪುಸ್ತಕ ಮಡಿಲಿಗೆ ಜಾರಿತ್ತು, ಬಾಯಲ್ಲಿ ಪೆಪ್ಪರಮೆಂಟು. ಓಢಣಿಗೆ ತಡಕಾಡುತ್ತ ಅವಳು ಕೂಗಿದಳು:

"ಪರದಾ ಯಾಕ ತೆಗದ್ರಿ? ಯಾರ್ರಿ ನೀವು? ಪರದಾ ಮುಚ್ಚೀನಿ ಅಂದ್ರ ಮುಚ್ಚೀನಿ ಅಂತಲ್ಲೇನ್ರಿ?"

ಚಹಾ ತುಳುಕಿ ಶಿವಕಾಂತಮ್ಮನ ಹೆಬ್ಬೆರಳಿನ ಮೇಲೆ ಬಿತ್ತು. ಪರದೆಯನ್ನು ಮೊದಲಿನಂತೆ ಎಳೆದು, ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಬೈಸಿಕೊಂಡದ್ದು ಹೊಸತಲ್ಲ, ವಾಡಿಯ ಬಾಗಿಲಲ್ಲಿ ಎಂತೆಂಥವರು ಬೈದು ಹೋಗಿದ್ದಾರೆ. ಆದರೆ ಚಹಾ ಕೊಟ್ಟು ಬೈಸಿಕೊಂಡದ್ದು ಇದೇ ಮೊದಲು. ನೀರಿನ ಮೇಲೆ ಬೆಳ್ಳಕ್ಕಿಗಳು ಇಳಿದವು, ಎದ್ದವು. ಮನೆಗೆ ಹೋಗೋಣ ಅನ್ನಿಸಿತು.

ಬಿಸಿಲು ಇಳಿದಾಗ ಪಕ್ಕದಲ್ಲಿ ಯಾರೋ ಕೂತರು. ಅವಳೇ. ಈಗ ಓಢಣಿ ತಲೆ ತುಂಬ ಇತ್ತು. ಕೈಯಲ್ಲಿ ಕಿಟಕಿಯಲ್ಲಿದ್ದ ಆ ಕಪ್ಪು.

"ತಣ್ಣಗಾಗಿತ್ತು, ಆದ್ರೂ ಕುಡದೆ" ಎಂದಳು. "ಜೋರ್ ಮಾತಾಡಿದೆ. ಮಾಫ್ ಮಾಡ್ರಿ ಖಾಲಾ. ನನ್ನ ಹೆಸರು ಆಸಿಮ."

"ತಪ್ಪು ನಂದು. ನೀ ಅಳಾಕತ್ತೀ ಅಂತ ತಿಳದೆ."

ಆಸಿಮ ನಕ್ಕಳು. "ಅಳಲಿಕ್ಕ ನಾ ಇಲ್ಲೀ ತನಾ ಯಾಕ ಬರ್ಲಿ? ಅದಕ್ಕ ಶಹಾಬಾದಿನ್ಯಾಗ ಬಚ್ಚಲಮನಿ ಅದ."

ಆಮೇಲೆ ತಾನಾಗಿಯೇ ಹೇಳಿದಳು. ಶಹಾಬಾದಿನಲ್ಲಿ ಎರಡು ಖೋಲಿಯ ಮನೆ, ಮನೆ ತುಂಬ ಮಂದಿ: ಅತ್ತೆ, ಮಾವ, ಮೈದುನರು, ಅವರ ಮಕ್ಕಳು. ಒಳ್ಳೆಯವರೇ. ಈ ಊರಿನಾಚೆಯ ಒಂದು ತಾಂಡಾದ ಶಾಲೆಗೆ ಅವಳಿಗೆ ಮಾಸ್ತರಿಕೆ ಸಿಕ್ಕಿದೆ. ವಾರವಿಡೀ ಅಲ್ಲಿ ಇನ್ನೊಬ್ಬ ಟೀಚರಮ್ಮನ ಮನೆಯ ಮೂಲೆಯಲ್ಲಿ ವಾಸ. ತಿಂಗಳಿಗೊಂದು ಶನಿವಾರ ಊರಿಗೆ ಹೋಗುವ ಮುಂಚೆ ಇಲ್ಲಿ ಬಂದು ಒಂದು ಪಲಂಗ ಹಿಡಿಯುತ್ತಾಳೆ.

"ನೀರು ನೋಡ್ಲಿಕ್ಕ ಬರ್ತೀ?"

"ನೀರು ಯಾರು ನೋಡ್ತಾರ್ರಿ! ಪರದಾ ಎಳೀಲಿಕ್ಕ ಬರ್ತೀನಿ." ಆಸಿಮ ಕಪ್ಪಿನ ಅಂಚನ್ನು ಬೆರಳಿನಿಂದ ಸವರಿದಳು. "ಹುಟ್ಟಿದಾಗಿನಿಂದ ಯಾರರೆ ನೋಡಾಕತ್ತಿರ್ತಾರ ಖಾಲಾ. ತವರಿನ್ಯಾಗೂ ಹಂಗ, ಗಂಡನ ಮನ್ಯಾಗೂ ಹಂಗ, ಸಾಲಿಯಾಗ ಹುಡುಗೂರು. ಇಲ್ಲಿ ಪರದಾ ಎಳದ್ರ, ನಾ ಕಾಲು ಹ್ಯಾಂಗ ಚಾಚೀನಿ, ಬಾಯಿ ತೆರದು ಮಲಗೀನೋ ಮುಚ್ಚಿ ಮಲಗೀನೋ, ಯಾರಿಗೂ ಗೊತ್ತಿಲ್ಲ. ನಂಗೂ ಗೊತ್ತಿಲ್ಲ. ಅದಕ್ಕ ಬರೋದು."

ಸೆರಗನ್ನು ಮುಖದ ಮೇಲೆಳೆದುಕೊಂಡು ಮಲಗಿದ ಹೆಂಗಸರು ಒಬ್ಬೊಬ್ಬರಾಗಿ ಶಿವಕಾಂತಮ್ಮನ ಕಣ್ಣ ಮುಂದೆ ಬಂದರು. ಕೆಲವರು ಅತ್ತದ್ದು ನಿಜ. ಆದರೆ ಕೆಲವರು ಚಹಾ ಹಿಡಿದು, ಸುಮ್ಮನೆ, ಬೇಕಾಗಿಯೂ ಬೇಡವಾಗಿಯೂ ನಕ್ಕಿದ್ದರು. ಅವರಿಗಿದ್ದ ಪರದೆ ಆ ಸೆರಗೊಂದೇ ಆಗಿತ್ತೇನೋ.

"ನಿಂದು ಗುಂಡಿ ಬಿಚ್ಚಿತ್ತು" ಎಂದಳು ಕೊನೆಗೆ. "ಹಾಕ್ಕೊಂಡೀ ಇಲ್ಲೋ?"

"ಹಾಕ್ಕೊಂಡೆ, ಹಾಕ್ಕೊಂಡೆ." ಇಬ್ಬರೂ ನಕ್ಕರು. ರೊಟ್ಟಿಯ ಗಂಟು ಬಿಚ್ಚಿತು.

ಊಟವಾದ ಮೇಲೆ ಶಿವಕಾಂತಮ್ಮ ತನ್ನ ಪಲಂಗದ ಪರದೆಯನ್ನು ತಾನೇ ಎಳೆದಳು. ಹಸಿರು ಬೆಳಕಿನ ಒಂದು ಪೆಟ್ಟಿಗೆಯೊಳಗೆ ಕೂತಂತಾಯಿತು. ವಾಡಿಯಲ್ಲಿ ಆಕೆ ಮಲಗುವುದು ಬಾಗಿಲ ಹತ್ತಿರ, ಎಲ್ಲರಿಗೂ ಕಾಣುವಂತೆ. ನೋಯುವ ಮೊಣಕಾಲನ್ನು ಚಾಚುವಾಗಲೂ ಹಲ್ಲು ಕಚ್ಚುತ್ತಾಳೆ, ಬಂದವರು ಗಾಬರಿಯಾದಾರೆಂದು. ಇಲ್ಲಿ ಮೊಣಕಾಲನ್ನು ಎರಡೂ ಕೈಯಿಂದ ಹಿಡಿದು ಚಾಚಿ, "ಅಯ್ಯೋ" ಎಂದಳು. ಯಾರೂ ಕೇಳಲಿಲ್ಲ. ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ, ಅಂದು ನೋಡಿದಳು. ಹಿತವಾಯಿತು. ಹಾಗೇ ನಿದ್ದೆ ಬಂತು.

ಬೆಳಗ್ಗೆ ಎದ್ದಾಗ ಖೋಲಿಯಲ್ಲಿ ಬಿಸಿಲು ಬಿದ್ದಿತ್ತು. ತೆಲುಗು ಹೆಂಗಸರು ಶಿವರಂಜನಿಯ ಜೊತೆ ಅಣೆಕಟ್ಟಿನ ಕಡೆ ಹೋಗಿದ್ದರು. ಆಸಿಮಳ ಪರದೆ ಮುಚ್ಚಿತ್ತು. ಮೇಲಿನ ಪಲಂಗದಲ್ಲಿ ಪೂನಮಳ ಫೋನು ಕೂಗುತ್ತಿತ್ತು, ಎಬ್ಬಿಸುವ ಸದ್ದು. ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಕೂಗಿತು. ಹಕ್ಕಿ ನೋಡಲು ಬಂದವಳು ನಸುಕಿಗೇ ಹೋಗಬೇಕಿತ್ತಲ್ಲ? ಅವಳ ಚಪ್ಪಲಿ ನಿನ್ನೆ ಬಾಗಿಲಲ್ಲಿ ಬಿಟ್ಟ ಹಾಗೇ ಇತ್ತು.

ಕೈ ತಾನಾಗಿ ಪರದೆಗೆ ಹೋಯಿತು. ಬಟ್ಟೆ ಬೆರಳಿಗೆ ತಾಕಿದ ಮೇಲೆ ನಿಂತಿತು.

ಮಲಗಿರಬಹುದು. ಇವಳೂ ಯಾರಿಗೂ ಕಾಣದಿರಲೆಂದೇ ಬಂದಿರಬಹುದು. ನಿನ್ನೆ ಸುಟ್ಟ ಹೆಬ್ಬೆರಳು ಇನ್ನೂ ಚುರುಗುಡುತ್ತಿತ್ತು. ಆದರೆ ಬಾಗಿಲಾದರೆ ಬಡಿಯಬಹುದು. ಪರದೆಯನ್ನು ಹೇಗೆ ಬಡಿಯುವುದು? ಫೋನು ಮೂರನೇ ಸಲ ಕೂಗತೊಡಗಿದಾಗ ಆಕೆ ಸೊಂಟದಿಂದ ಕೀಲಿಗೊಂಚಲು ತೆಗೆದು, ವಾಡಿಯ ದೊಡ್ಡ ಬಾಗಿಲಿನ ಕೀಲಿಯಿಂದ ಏಣಿಯ ಕಬ್ಬಿಣಕ್ಕೆ ಮೆಲ್ಲಗೆ ಬಡಿದಳು. ಟಣ್. ಟಣ್.

"ಬಾಳಾ, ನಾ ಕೆಳಗಿನ ಪಲಂಗದಾಕಿ. ಪರದಾ ತೆಗ್ಯಂಗಿಲ್ಲ ನಾ. ಒಂದ್ಸಲ ಹೂಂ ಅನ್ನು, ಹೋಗ್ತೀನಿ."

ಉತ್ತರವಿಲ್ಲ. ಮತ್ತೆ ಬಡಿದಳು. ಸಿಟ್ಟಾದರೂ ಸರಿ, ಒಂದು ಬೈಗುಳವಾದರೂ ಬರಲಿ ಎಂದು ಕಾದಳು. ತುಂಬ ಒಳಗಿನಿಂದ ಎಂಬಂತೆ ಒಂದು ಧ್ವನಿ ಬಂತು.

"ನೀರು..."

"ತೆಗೀಲೇನು?"

"ಹೂಂ."

ಆಗ ತೆಗೆದಳು. ಹುಡುಗಿಯ ಮುಖ ಕೆಂಡವಾಗಿತ್ತು, ತುಟಿ ಒಡೆದಿತ್ತು, ಗಾದಿಯ ಮೂಲೆ ವಾಂತಿಯಿಂದ ಒದ್ದೆಯಾಗಿತ್ತು. ಏಣಿ ಹತ್ತಲು ಶಿವಕಾಂತಮ್ಮನ ಮೊಣಕಾಲು ಬಿಡಲಿಲ್ಲ. ಎದುರಿನ ಪಲಂಗದ ಬಳಿ ಹೋದಳು. ಅಷ್ಟು ಅವಸರದಲ್ಲೂ ಪರದೆ ಮುಟ್ಟಲಿಲ್ಲ. ಕಬ್ಬಿಣಕ್ಕೆ ಕೀಲಿ ಬಡಿದಳು. "ಆಸಿಮಾ, ಜಲ್ದಿ ಬಾ."

ಆಸಿಮ ಓಢಣಿಯಿಲ್ಲದೆಯೇ ಹೊರಬಂದಳು. ಇಬ್ಬರೂ ಕೂಡಿ ಹುಡುಗಿಯನ್ನು ಇಳಿಸಿ ಶಿವಕಾಂತಮ್ಮನ ಪಲಂಗದ ಮೇಲೆ ಮಲಗಿಸಿದರು. ಒಬ್ಬಳು ಹಣೆಗೆ ಒದ್ದೆ ಬಟ್ಟೆ ಹಾಕಿದರೆ ಇನ್ನೊಬ್ಬಳು ಉಪ್ಪು ಸಕ್ಕರೆ ಕದಡಿದ ನೀರನ್ನು ಚಮಚದಿಂದ ಹನಿಸಿದಳು. ಸುದ್ದಿ ತಿಳಿದ ಶಿವರಂಜನಿ ಓಡೋಡಿ ಬಂದು ಜೀಪು ತೆಗೆದಳು. ಚಿಂಚೋಳಿಯ ದವಾಖಾನೆಯಲ್ಲಿ ಸಲೈನು ಹಚ್ಚಿದರು. ಕಾಡಿನ ಹಳ್ಳದ ನೀರು ಕುಡಿದದ್ದು ಹೊಟ್ಟೆಗೆ ಆಗಿಬಂದಿರಲಿಲ್ಲ.

ನಡುಹಗಲಿನ ಹೊತ್ತಿಗೆ ಪೂನಮ್ ಕಣ್ಣು ಬಿಟ್ಟು ಮಾತಾಡಿದಳು. "ಕರೀಬೇಕು ಅಂದೆ ಅಮ್ಮಾ. ಪರದಾ ಎಲ್ಲಾ ಮುಚ್ಚಿದ್ವು. ಮಲಗಿದವರಿಗಿ ಯಾಕ ತ್ರಾಸ ಕೊಡ್ಲಿ ಅಂತ ಸುಮ್ಮನಾದೆ."

"ಶಾಣ್ಯಾ ಇದ್ದೀ!" ಎಂದಳು ಶಿವಕಾಂತಮ್ಮ. "ಸತ್ತಿದ್ದ್ರ ಯಾರಿಗೂ ತ್ರಾಸ ಇರ್ತಿರ್ಲಿಲ್ಲ ನೋಡು."

ಶಿವರಂಜನಿ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಶಿವಕಾಂತಮ್ಮ ಅವಳ ಮೊಣಕೈ ಹಿಡಿದು ಹೊರಗೆ ಕರೆದೊಯ್ದಳು. "ಪರದಾ ಹಾಕ್ಸಿದ್ದು ಚಲೋ ಮಾಡೀದಿ. ನಂಗೂ ನಿನ್ನೆನೇ ತಿಳೀತು. ಬೆಳಗ್ಗೆ ಒಮ್ಮೆ ಎಲ್ಲಾ ಪಲಂಗಕ್ಕ ಟಣ್ ಅನ್ನಿಸಿ ಹೂಂ ಅನ್ನಿಸ್ಕೋ, ಅಷ್ಟ. ದಿಂಬಿನ ಗಲೀಫು ಭಾಳ ಛಂದ ಒಗೀತಿ." ಅದಕ್ಕಿಂತ ದೊಡ್ಡ ಮಾತನ್ನು ಆಕೆ ಯಾವ ವಸತಿಯವರಿಗೂ ಹೇಳಿದವಳಲ್ಲ.

ಸೋಮವಾರ ಮಶಾಕ ಅಳತೆಯ ಟೇಪು ಹಿಡಿದು ಬಂದಾಗ ಲುಂಬಿನಿ ಅತ್ತೆಯ ಮುಖ ನೋಡುತ್ತ ನಿಂತಿದ್ದಳು. ನಿನ್ನೆ ಸಂಜೆ ಬಂದ ಶಿವಕಾಂತಮ್ಮ ಖೋಲಿಯ ಒಂದೊಂದು ಪಲಂಗದ ಮೇಲೂ ಕೂತು, ಮೇಲೆ ನೋಡಿ, ಮಗ್ಗುಲಿಗೆ ನೋಡಿ ಮಲಗಿಬಿಟ್ಟಿದ್ದಳು.

"ಪ್ಲೈವುಡ್ ಎಷ್ಟ್ ಹಾಳೆ ಬೇಕಾಗ್ತದ ಹೇಳ್ರಿ ಅಮ್ಮಾ" ಎಂದ ಮಶಾಕ.

"ಒಂದೂ ಬ್ಯಾಡ."

ಲುಂಬಿನಿಯ ಮುಖ ಇಳಿಯಿತು. ಚಾದರದ ರಾಶಿ ಎತ್ತಿಕೊಂಡು ಹೊರಟಳು.

"ನಿಲ್ಲು. ಮಶಾಕ, ಕಬ್ಬಿಣದ ಪೈಪ್ ಹಾಕು ಈ ಗೋಡಿಯಿಂದ ಆ ಗೋಡಿಗಿ, ಪಲಂಗ ಪಲಂಗಕ್ಕ ಪರದಾ ಇಳಿಬಿಡಾಕ ಬರಂಗ. ಲುಂಬಿನಿ, ನನ್ನ ಟ್ರಂಕಿನ್ಯಾಗ ಹಳೇ ಸೀರಿ ಅದಾವ, ಗಟ್ಟಿ ಇದ್ದವು ಆರಿಸು. ಪರದಾ ಹೊಲಿಸು. ಎಳೀಬೇಕು ಅನ್ನಾಕಿ ಎಳೀಲಿ, ಬ್ಯಾಡ ಅನ್ನಾಕಿ ತೆರದಿಡ್ಲಿ."

"ಅತ್ತಿ..." ಲುಂಬಿನಿ ಚಾದರಗಳನ್ನು ಎದೆಗೆ ಅವುಚಿಕೊಂಡೇ ನಿಂತಳು. "ಕೋಳಿಗೂಡು ಅಂದಿದ್ದಿ?"

"ಪ್ಲೈವುಡ್‌ಗಂದಿದ್ದೆ. ಪ್ಲೈವುಡ್ ಒಳಗ ನರಳಿದ್ರ ಕೇಳಂಗಿಲ್ಲ. ಸೀರಿಯಾಚೆ ಉಸುರು ಕೇಳ್ತದ." ಆಕೆ ಸೊಂಟದಿಂದ ಕೀಲಿಗೊಂಚಲು ಬಿಚ್ಚಿದಳು. ಅದರಲ್ಲಿ ದೊಡ್ಡ ಬಾಗಿಲಿನ ಕೀಲಿಯನ್ನು ಬೇರ್ಪಡಿಸಿ ಅಣ್ಣನ ಮಗಳ ಕೈಯಲ್ಲಿಟ್ಟಳು. "ಒಂದ ಕಾಯಿದೆ. ಪರದಾ ಯಾರೂ ತೆಗೀಬಾರ್ದು. ನಾನೂ. ಬೇಕಾದ್ರ ಕಬ್ಬಿಣಕ್ಕ ಇದರ್ಲೆ ಟಣ್ ಅನ್ನಿಸಬೇಕು. ಹೂಂ ಅಂದ್ರ ಮಾತು. ಇದು ನಿನ್ನ ಹತ್ರ ಇರ್ಲಿ."

ಲುಂಬಿನಿ ಕೀಲಿಯ ತೂಕ ನೋಡಿದಳು. "ಪಲಂಗ ಯಾರು ಕೊಡೋದು?"

"ನೀ ಕೊಡು. ನಾ ಮಗ್ಗುಲಿಗಿ ಕುಂತು ತಪ್ಪು ಹುಡುಕ್ತೀನಿ."

"ಚಾ?"

"ಚಾ ನನ್ನ ಕೆಲಸ. ಅದರಾಗ ಕೈ ಹಾಕಿದ್ರ ನೋಡು."

ಕಲಬುರಗಿಯ ಅಂಗಡಿಗೆ ಲುಂಬಿನಿ ಅಂದೇ ಫೋನು ಮಾಡಿ, ಬರುವುದಿಲ್ಲ ಎಂದಳು. ಮಶಾಕ ಟೇಪು ಮಡಿಸುತ್ತ, ಪ್ಲೈವುಡ್ ವ್ಯಾಪಾರ ಹೋಯಿತೆಂದು ಗೊಣಗಿ, ಪೈಪಿನ ಲೆಕ್ಕ ಹಾಕತೊಡಗಿದ.

ಈಗ ಉದ್ದನೆಯ ಖೋಲಿಯಲ್ಲಿ ಶಿವಕಾಂತಮ್ಮನ ಸೀರೆಗಳು ತೂಗುತ್ತವೆ. ಮದುವೆಯ ಮರುವರ್ಷದ ಇಳಕಲ್ಲು, ಗಂಡ ಭಗವಂತ ಹೊಸ ಕೂಲಿಯಲ್ಲಿ ತಂದ ಹಳದಿ ನೂಲಿನದು, ಅವನು ಹೋದ ಮೇಲೆ ಉಡದೆ ಇಟ್ಟದ್ದು. ಗಾಡಿ ಬಂದಾಗ ನೆಲ ನಡುಗಿ ಎಲ್ಲವೂ ಸ್ವಲ್ಪ ಅಲುಗುತ್ತವೆ. ಹೆಚ್ಚಿನ ಹೆಂಗಸರು ತೆರೆದೇ ಇಡುತ್ತಾರೆ. ಹರಟೆ ಮೊದಲಿನಂತೆಯೇ ನಡೆಯುತ್ತದೆ. ಕೆಲವರು ಎಳೆಯುತ್ತಾರೆ. ಶಿವಕಾಂತಮ್ಮ ನೋಡುತ್ತಾಳೆ, ಕೈಯನ್ನು ಮಡಿಲಲ್ಲಿ ಇಟ್ಟುಕೊಳ್ಳುತ್ತಾಳೆ. ಅದು ಕಷ್ಟದ ಕೆಲಸವೆಂದು ಅವಳ ಕೈ ನೋಡಿದರೆ ಗೊತ್ತಾಗುತ್ತದೆ.

ಮುಂದಿನ ತಿಂಗಳ ಒಂದು ಶನಿವಾರ ಸೇಡಂ ಕಡೆಯ ಗಾಡಿಯಿಂದ ಇಳಿದು ಆಸಿಮ ಬಂದಳು. ಶಹಾಬಾದು ಇಲ್ಲಿಂದ ಕೂಗಳತೆ. ಇಳಿದು ನಿಲ್ಲುವ ಕಾರಣವೇ ಇರಲಿಲ್ಲ.

ಬಾಗಿಲ ಕಟ್ಟೆಯ ಮೇಲಿಂದ ಶಿವಕಾಂತಮ್ಮ ತನ್ನ ಹಳೆಯ ಮಾತನ್ನೇ ಕೇಳಿದಳು. "ಎಲ್ಲಿಗಿ ಹೊಂಟೀ?"

"ಎಲ್ಲಿಗೂ ಇಲ್ಲ ಖಾಲಾ" ಎಂದಳು ಆಸಿಮ. "ಇಲ್ಲಿಗೇ."

ಲುಂಬಿನಿ ಅವಳ ಮುಖ ನೋಡಿ, ಸ್ವಲ್ಪ ಯೋಚಿಸಿ, ಕಿಟಕಿಯಿಂದ ದೂರದ ಕೊನೆಯ ಪಲಂಗ ಕೊಟ್ಟಳು. ಶಿವಕಾಂತಮ್ಮ ತಪ್ಪು ಹುಡುಕಲಿಲ್ಲ. ಹಳದಿ ಸೀರೆಯ ಪರದೆ ಸರ್ರೆಂದು ಮುಚ್ಚಿತು.

ಆಕೆ ಎದ್ದು ಹೋಗಿ ಚಹಾ ಮಾಡಿದಳು. ಶುಂಠಿ ಜಜ್ಜಿ ಹಾಕಿದಳು. ಕಪ್ಪು ಹಿಡಿದು, ಕುಂಟುತ್ತ ಕೊನೆಯ ಪಲಂಗದತನಕ ಹೋಗಿ, ಲುಂಬಿನಿಯಿಂದ ಕೀಲಿ ಇಸಿದುಕೊಂಡು ಕಬ್ಬಿಣಕ್ಕೆ ಟಣ್ ಅನ್ನಿಸಿದಳು.

ಒಳಗಿನಿಂದ ಮಾತು ಬರಲಿಲ್ಲ. ಉಸಿರು ಕೇಳುತ್ತಿತ್ತು, ಉದ್ದನೆಯ, ಸಮನಾದ, 'ಈಗ ಬೇಡ' ಎನ್ನುವ ಉಸಿರು. ಶಿವಕಾಂತಮ್ಮ ಇನ್ನೊಮ್ಮೆ ಕೀಲಿ ಎತ್ತಿದಳು. ಇಳಿಸಿದಳು. ತಿರುಗಿ ಬಂದು, ತನ್ನ ಕಟ್ಟೆಯ ಮೇಲೆ ಕೂತು, ಮೊಣಕಾಲು ಚಾಚಿ, ಆ ಚಹಾವನ್ನು ತಾನೇ ಕುಡಿಯತೊಡಗಿದಳು. ಬಿಸಿಯಾಗಿಯೇ ಇತ್ತು.